ಹಳೇ ಔಟ್‌ಬೋರ್ಡ್ ಮೋಟರ್ ಕೊಳ್ಳುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮುನಿರಾಬಾದ್ ಕಡೆ ನಾನು ಎಂಜಿನ್ ರಿಪೇರಿ ಮಾಡುತ್ತೇನೆ. ಮೊದಲು ಪಂಪ್‌ಸೆಟ್ ಮಾತ್ರ ನೋಡುತ್ತಿದ್ದೆ. ಆಮೇಲೆ ತುಂಗಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯುವವರು ದೋಣಿಯ ಹಿಂದೆ ಕಟ್ಟುವ ಔಟ್‌ಬೋರ್ಡ್ ಮೋಟರ್ ಹೊತ್ತು ತರೋಕೆ ಶುರು ಮಾಡಿದರು, ಈಗ ಅದೇ ಜಾಸ್ತಿ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆಯಿಂದ ಫೋನ್ ಬರುತ್ತವೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಬಹಳ ಜನ ದುಡ್ಡು ಕೊಟ್ಟು ಬಂದ ಮೇಲೆ ಕೇಳುತ್ತಾರೆ, ಅದೇ ಬೇಜಾರು. ಅದಕ್ಕೇ ಎಲ್ಲ ಒಂದೇ ಕಡೆ ಬರೆದಿದ್ದೇನೆ.

## ಮೊದಲ ಪ್ರಶ್ನೆಗಳು

ಹೊಸದು ತಗೊಳ್ಳೋ ಶಕ್ತಿ ಇಲ್ಲ. ಸೆಕೆಂಡ್ ಹ್ಯಾಂಡ್ ತಗೊಂಡ್ರೆ ನಡೀತದಾ?

ನಡೆಯುತ್ತದೆ. ನಾನು ನೋಡುವ ಮೋಟರ್‌ಗಳಲ್ಲಿ ಮುಕ್ಕಾಲು ಪಾಲು ಎರಡನೇ ಕೈಯವೇ, ಕೆಲವು ಮೂರನೇ ಕೈ. ಔಟ್‌ಬೋರ್ಡ್ ಗಟ್ಟಿ ಯಂತ್ರ. ಸಿಹಿನೀರಿನಲ್ಲಿ ಓಡಿಸಿ, ವರ್ಷಕ್ಕೊಮ್ಮೆ ಗೇರ್ ಆಯಿಲ್ ಬದಲಿಸಿಕೊಂಡು ಬಂದರೆ ಹದಿನೈದು ವರ್ಷ ಆರಾಮಾಗಿ ಬಾಳುತ್ತದೆ. ತೊಂದರೆ ಏನಂದ್ರೆ, ಹಾಗೆ ನೋಡಿಕೊಂಡದ್ದಕ್ಕೂ ನೋಡಿಕೊಳ್ಳದ್ದಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಒಂದು ಡಬ್ಬಿ ಸ್ಪ್ರೇ ಪೇಂಟ್ ಹೊಡೆದರೆ ಎರಡೂ ಒಂದೇ ಥರ ಹೊಳೆಯುತ್ತವೆ.

ಬೈಕ್ ಕೆಟ್ಟರೆ ರಸ್ತೆ ಬದಿ ನಿಲ್ಲಿಸಿ ಯಾರನ್ನಾದರೂ ಕರೆಯಬಹುದು. ನಡುಹೊಳೆಯಲ್ಲಿ ಮೋಟರ್ ನಿಂತರೆ ಏನು ಮಾಡ್ತೀರಿ? ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದಿ.

ನಮಗೆ ಎಷ್ಟು ಎಚ್‌ಪಿ ಸಾಕು?

ಇಬ್ಬರು ಕೂತು ಬಲೆ ಬಿಡುವ ಸಣ್ಣ ಫೈಬರ್ ದೋಣಿಗೆ 5ರಿಂದ 10 ಎಚ್‌ಪಿ ಸಾಕು. ಜನ ಸಾಗಿಸುವ ದೋಣಿಗೆ, ಕೃಷ್ಣೆಯಂಥ ಹರಿಯುವ ನೀರಿನಲ್ಲಿ ಆಚೆ ದಡ ಮುಟ್ಟುವ ದೋಣಿಗೆ ಅದಕ್ಕಿಂತ ಜಾಸ್ತಿ ಬೇಕು. ದೋಣಿ ಮಾಡಿಕೊಟ್ಟವರು ಗರಿಷ್ಠ ಎಷ್ಟು ಎಚ್‌ಪಿ ಅಂತ ಹೇಳಿರುತ್ತಾರೆ, ಅದನ್ನು ಮೀರಬೇಡಿ. 40 ಎಚ್‌ಪಿ ಮೋಟರ್ ಅಂದ್ರೆ 70 ಕೆಜಿ ದಾಟುವ ಭಾರ, ಅದನ್ನು ಸಣ್ಣ ದೋಣಿಯ ಹಿಂದಕ್ಕೆ ಕಟ್ಟಿದರೆ ಹಿಂಭಾಗ ಕುಸಿದು ಅಲೆ ಒಳಗೆ ಬರುತ್ತದೆ. ಅಗ್ಗಕ್ಕೆ ಸಿಕ್ತು ಅಂತ ದೊಡ್ಡ ಮೋಟರ್ ತಂದವರನ್ನು ಬಹಳ ನೋಡಿದ್ದೇನೆ.

ಹರಗೋಲಿಗೆ ಮೋಟರ್ ಕಟ್ಟಬಹುದಾ?

ಬೇಡ. ಆನೆಗೊಂದಿ ಕಡೆಯವರು, ಹಂಪಿ ಕಡೆಯವರು ಇದನ್ನು ಕೇಳುತ್ತಲೇ ಇರುತ್ತಾರೆ. ಹರಗೋಲು ದುಂಡಗಿದೆ, ಅದಕ್ಕೆ ಹಿಂದು ಮುಂದು ಇಲ್ಲ. ಒಂದು ಅಂಚಿಗೆ ಮೋಟರ್ ಕಟ್ಟಿ ತಳ್ಳಿದರೆ ನೆಟ್ಟಗೆ ಹೋಗುವ ಬದಲು ಬುಗುರಿಯಂತೆ ತಿರುಗುತ್ತದೆ. ಬಿದಿರಿನ ಅಂಚು ಮೋಟರ್‌ನ ನಡುಕ ತಡೆಯುವುದೂ ಇಲ್ಲ. ಮೋಟರ್‌ಗೆ ಹಿಂದೆ ಚಪ್ಪಟೆ ಹಲಗೆ ಇರುವ ದೋಣಿಯೇ ಬೇಕು. ಆ ಹಲಗೆಯನ್ನು ಟ್ರಾನ್ಸಮ್ ಅನ್ನುತ್ತಾರೆ.

ಶಾಫ್ಟ್ ಉದ್ದ ಕೇಳ್ಕೊಂಡು ಬಾ ಅಂದ್ರು. ಏನದು?

ಎಂಜಿನ್‌ನಿಂದ ಪ್ರೊಪೆಲರ್ (ನೀರು ತಳ್ಳುವ ರೆಕ್ಕೆಚಕ್ರ) ಕಡೆಗೆ ಇಳಿಯುವ ಮೋಟರ್ ಕಾಲಿನ ಉದ್ದ ಅದು. ಟ್ರಾನ್ಸಮ್ ಎತ್ತರ ಅಳೆಯಿರಿ. 15 ಇಂಚಿನ ಆಸುಪಾಸು ಇದ್ದರೆ ಶಾರ್ಟ್ ಶಾಫ್ಟ್, 20 ಇದ್ದರೆ ಲಾಂಗ್ ಶಾಫ್ಟ್. ಮೋಟರ್ ಕೂರಿಸಿದಾಗ ಪ್ರೊಪೆಲರ್ ಮೇಲಿರುವ ಚಪ್ಪಟೆ ರೆಕ್ಕೆ ದೋಣಿಯ ತಳಕ್ಕೆ ಸರಿಸಮ ಇರಬೇಕು, ಇಲ್ಲಾ ಒಂದು ಇಂಚು ಕೆಳಗಿರಬೇಕು. ಶಾಫ್ಟ್ ಗಿಡ್ಡ ಆದರೆ ಪ್ರೊಪೆಲರ್ ಗಾಳಿ ಕುಡಿಯುತ್ತದೆ, ಎಂಜಿನ್ ಸುಮ್ನೆ ಕಿರುಚುತ್ತದೆ, ದೋಣಿ ಮುಂದಕ್ಕೆ ಹೋಗುವುದಿಲ್ಲ. ಉದ್ದ ಆದರೆ ನಮ್ಮ ಕಡೆ ಇನ್ನೂ ಕಷ್ಟ, ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮೊದಲು ಕಲ್ಲಿಗೆ ತಾಗುವುದು ಅದೇ.

ಟೂ ಸ್ಟ್ರೋಕ್ ಒಳ್ಳೇದಾ, ಫೋರ್ ಸ್ಟ್ರೋಕ್ ಒಳ್ಳೇದಾ?

ಟೂ ಸ್ಟ್ರೋಕ್ ಹಗುರ, ಬಿಚ್ಚೋದು ಸುಲಭ, ಹಳ್ಳಿ ಮೆಕ್ಯಾನಿಕ್‌ಗೂ ಅರ್ಥ ಆಗುತ್ತದೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಹೊಗೆ ಬಿಡುತ್ತದೆ, ಆಯಿಲ್ ಬೆರೆಸಿಯೇ ಹಾಕಬೇಕು. ಫೋರ್ ಸ್ಟ್ರೋಕ್‌ಗೆ ಖರ್ಚು ಕಡಿಮೆ, ಸದ್ದು ಕಡಿಮೆ. ಆದರೆ ಭಾರ ಜಾಸ್ತಿ, 9.9 ಎಚ್‌ಪಿಯದೇ ಸುಮಾರು 40 ಕೆಜಿ ತೂಗುತ್ತದೆ. ದಿನಾ ಮೋಟರ್ ಬಿಚ್ಚಿ ಮನೆಗೆ ಹೊತ್ತು ತರುವವರು ಟೂ ಸ್ಟ್ರೋಕ್ ನೋಡಿ. ದಿನಕ್ಕೆ ನಾಲ್ಕು ಗಂಟೆ ಓಡಿಸಿ ದುಡಿಯುವವರು ಫೋರ್ ಸ್ಟ್ರೋಕ್ ನೋಡಿ. ಫೋರ್ ಸ್ಟ್ರೋಕ್ ಆದರೆ ಡಿಪ್‌ಸ್ಟಿಕ್ ಎಳೆದು ಎಂಜಿನ್ ಆಯಿಲ್ ನೋಡೋದು ಮರೀಬೇಡಿ. ಆಯಿಲ್ ಮಟ್ಟ ಮೇಲಿನ ಗೆರೆ ದಾಟಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಆಯಿಲ್‌ಗೆ ಇಳಿದಿದೆ ಅಂತ ಅರ್ಥ.

## ನೋಡೋಕೆ ಹೋದಾಗ

ಮಲ್ಪೆ, ಕಾರವಾರದ ಕಡೆ ಅಗ್ಗಕ್ಕೆ ಸಿಗ್ತಾವೆ. ಸಮುದ್ರದ ಮೋಟರ್ ಬೇಡ ಅಂತಾರಲ್ಲ, ಯಾಕೆ?

ಬೇಡವೇ ಬೇಡ ಅಂತ ನಾನು ಹೇಳೋದಿಲ್ಲ. ಆದರೆ ಅದರ ತಲೆ, ಅಂದ್ರೆ ಮೇಲಿನ ಎಂಜಿನ್ ಭಾಗ, ನೋಡದೆ ತರಬೇಡಿ.

ಔಟ್‌ಬೋರ್ಡ್‌ಗೆ ರೇಡಿಯೇಟರ್ ಇಲ್ಲ. ತಾನು ಓಡುವ ನೀರನ್ನೇ ಎಳೆದುಕೊಂಡು ಎಂಜಿನ್ ಸುತ್ತ ಹರಿಸಿ ಹೊರಗೆ ಬಿಡುತ್ತದೆ. ಉಪ್ಪುನೀರಿನಲ್ಲಿ ಓಡಿಸಿ ಬಂದ ಮೇಲೆ ಪ್ರತಿ ಸಲ ಸಿಹಿನೀರು ಹಾಯಿಸಿ ತೊಳೆಯಬೇಕು. ತೊಳೆಯದಿದ್ದರೆ ಸಿಲಿಂಡರ್ ಸುತ್ತಲಿನ ನೀರಿನ ದಾರಿಯಲ್ಲಿ ಉಪ್ಪು ಕಟ್ಟುತ್ತಾ ಹೋಗುತ್ತದೆ, ಸುಣ್ಣದ ಗಾರೆಯ ಹಾಗೆ.

ನಾನೇ ಒಂದು ಸಲ ಕರಾವಳಿಯಿಂದ 15 ಎಚ್‌ಪಿ ಟೂ ಸ್ಟ್ರೋಕ್ ತಂದೆ. ಫಳಫಳ ಹೊಳೆಯುತ್ತಿತ್ತು. ಮಾರಿದವರು ಒಂದೇ ಎಳೆತಕ್ಕೆ ಸ್ಟಾರ್ಟ್ ಮಾಡಿ ತೋರಿಸಿದರು, ನಾನೂ ಖುಷಿಯಲ್ಲಿ ದುಡ್ಡು ಎಣಿಸಿ ಕೊಟ್ಟೆ. ಹಿನ್ನೀರಿನಲ್ಲಿ ಮೂರನೇ ದಿನ, ದಡದಿಂದ ಎರಡು ಕಿಲೋಮೀಟರ್ ಒಳಗೆ, ಬಿಸಿಯಾಗಿ ಜಾಮ್ ಆಯಿತು. ಹುಟ್ಟು ಹಾಕಿಕೊಂಡು ವಾಪಸ್ ಬರುವಷ್ಟರಲ್ಲಿ ಕತ್ತಲಾಗಿತ್ತು. ಹೆಡ್ ಬಿಚ್ಚೋಣ ಅಂತ ಸ್ಪ್ಯಾನರ್ ಹಾಕಿದರೆ ಮೊದಲ ಬೋಲ್ಟೇ ತುಂಡಾಯಿತು. ಎರಡನೆಯದೂ ತುಂಡಾಯಿತು. ಕೊನೆಗೆ ಮುಚ್ಚಳ ಎದ್ದಾಗ ನೋಡಿದರೆ ಬೆರಳು ಹೋಗಬೇಕಾದ ದಾರಿಯಲ್ಲಿ ಕಡ್ಡಿಯೂ ಹೋಗದಷ್ಟು ಬಿಳಿ ಗಂಟು. ಸ್ಕ್ರೂಡ್ರೈವರ್‌ನಿಂದ ಕೆರೆದರೆ ಕಲ್ಲುಪ್ಪಿನ ಹಾಗೆ ಉದುರುತ್ತಿತ್ತು.

ಹಾಗಾಗಿ ಸಮುದ್ರದ ಮೋಟರ್ ಆದರೆ ಮೇಲಿನ ಮುಚ್ಚಳ ತೆಗೆಸಿ. ಬೋಲ್ಟ್‌ಗಳ ತಲೆಯ ಸುತ್ತ ಬಿಳಿ ಪುಡಿ ಇದೆಯಾ, ಸಿಲಿಂಡರ್ ಹೆಡ್ ಹತ್ತಿರ ಪೇಂಟ್ ಗುಳ್ಳೆ ಎದ್ದಿದೆಯಾ, ಸುಟ್ಟ ಬಣ್ಣಕ್ಕೆ ತಿರುಗಿದೆಯಾ ನೋಡಿ. ಒಪ್ಪಿದರೆ ಥರ್ಮೋಸ್ಟ್ಯಾಟ್ (ಬಿಸಿ ನೋಡಿ ನೀರಿನ ದಾರಿ ತೆರೆಯುವ ಭಾಗ) ಮುಚ್ಚಳದ ಬೋಲ್ಟ್ ಬಿಚ್ಚಿಸಿ, ಅದರೊಳಗೆ ಕಾಣುವುದೇ ಎಂಜಿನ್ ಒಳಗೂ ಇರುತ್ತದೆ. ಬಿಚ್ಚೋಕೆ ಬಿಡಲ್ಲ ಅಂದರೆ ವಾಪಸ್ ಬನ್ನಿ.

ಇನ್ನೊಂದು ಗುರುತು, ಕೆಳಗೆ ಕಟ್ಟಿರುವ ಆನೋಡ್ ಎಂಬ ಲೋಹದ ತುಂಡು. ಉಪ್ಪು ಮೊದಲು ಅದನ್ನು ತಿನ್ನಲಿ, ಮೋಟರ್ ಉಳಿಯಲಿ ಅಂತ ಹಾಕಿರುತ್ತಾರೆ. ಅರ್ಧ ಸವೆದಿದ್ದರೆ ಒಳ್ಳೆಯ ಲಕ್ಷಣ, ಕೆಲಸ ಮಾಡಿದೆ. ಪೂರ್ತಿ ಮಾಯವಾಗಿದ್ದರೆ ಉಪ್ಪು ಆಮೇಲೆ ಮೋಟರನ್ನೇ ತಿಂದಿರುತ್ತದೆ. ಅದರ ಮೇಲೆ ಪೇಂಟ್ ಹೊಡೆದಿದ್ದರೆ ಅದು ಕೆಲಸವನ್ನೇ ಮಾಡಿಲ್ಲ.

ಹೊಳೆಯಲ್ಲೇ ಓಡಿದ್ದು, ಉಪ್ಪುನೀರು ಕಂಡೇ ಇಲ್ಲ ಅಂತಾನೆ. ಧೈರ್ಯವಾಗಿ ತಗೋಬಹುದಲ್ವಾ?

ತಲೆ ಉಳಿದಿರುತ್ತದೆ, ಕಾಲು ನೋಡಿ. ಸಮುದ್ರದ ಮೋಟರ್ ಮೇಲಿನಿಂದ ಕೆಡುತ್ತದೆ, ನಮ್ಮ ಹೊಳೆಯ ಮೋಟರ್ ಕೆಳಗಿನಿಂದ ಕೆಡುತ್ತದೆ. ನಮ್ಮ ತುಂಗಭದ್ರೆಯ ತಳ ಹೇಗಿದೆ ಅಂತ ನಿಮಗೇ ಗೊತ್ತಲ್ಲ. ಆನೆಗೊಂದಿಯಿಂದ ಕೆಳಗೆ ಬರೀ ಬಂಡೆ, ಹಿನ್ನೀರಿನಲ್ಲಿ ಹೂಳು, ಮುಳುಗಿದ ಮರದ ಬೊಡ್ಡೆ. ಡ್ಯಾಮ್ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ ಸುಮಾರು 105ಕ್ಕೆ ಇಳಿದಿದೆ, ಆ ವ್ಯತ್ಯಾಸ ಅಷ್ಟೂ ಹೂಳೇ. ಅದೇ ಹೂಳು ಬೆರೆತ ನೀರು ಮೋಟರ್‌ನ ನೀರಿನ ಪಂಪ್ ಒಳಗೆ ಹೋಗಿ ಉಜ್ಜುಕಾಗದದ ಹಾಗೆ ಸವೆಸುತ್ತದೆ.

ಮೊದಲು ಪ್ರೊಪೆಲರ್ ಕೆಳಗಿನ ಚೂಪು ರೆಕ್ಕೆ ನೋಡಿ, ಸ್ಕೆಗ್ ಅನ್ನುತ್ತಾರೆ. ತುದಿ ಸ್ವಲ್ಪ ಸವೆದಿದ್ದರೆ ಚಿಂತೆ ಇಲ್ಲ. ಮುರಿದಿದ್ದರೆ, ಬೆಸುಗೆ ಹಾಕಿದ್ದರೆ, ಆ ಏಟು ಮೇಲೆ ಗೇರ್ ಬಾಕ್ಸ್‌ಗೂ ಹೋಗಿರುತ್ತದೆ. ಆಮೇಲೆ ಕಿಲ್ ಸ್ವಿಚ್ ಹಗ್ಗ (ಕಿತ್ತರೆ ಎಂಜಿನ್ ನಿಲ್ಲಿಸುವ ಹಗ್ಗ) ತೆಗೆದು, ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ನ್ಯೂಟ್ರಲ್‌ನಲ್ಲಿ ಪ್ರೊಪೆಲರ್ ಕೈಯಿಂದ ತಿರುಗಿಸಿ. ಶಾಫ್ಟ್ ತುದಿಗೆ ಒಂದು ಕಡ್ಡಿ ಹತ್ತಿರ ಹಿಡಿಯಿರಿ. ತಿರುಗುವಾಗ ತುದಿ ಕಡ್ಡಿಗೆ ಹತ್ತಿರ ಬಂದು ದೂರ ಹೋದರೆ ಶಾಫ್ಟ್ ಬಾಗಿದೆ. ಅದು ಓಡುವಾಗ ನೀರು ತಡೆಯುವ ರಬ್ಬರ್ ಸೀಲ್ ಕೊಯ್ಯುತ್ತದೆ, ಬೇರಿಂಗ್ ತಿನ್ನುತ್ತದೆ. ಅಂಥದ್ದು ಬೇಡ.

ಗೇರ್ ಆಯಿಲ್ ಬಿಚ್ಚಿ ನೋಡು ಅಂತೀರಿ. ಅದ್ರಲ್ಲಿ ಏನ್ ಕಾಣುತ್ತೆ?

ಎಲ್ಲ ಕಾಣುತ್ತೆ. ಒಂದೇ ಒಂದು ಪರೀಕ್ಷೆ ಮಾಡೋಕೆ ಸಮಯ ಇದೆ ಅಂದ್ರೆ ಇದನ್ನೇ ಮಾಡಿ.

ಮೋಟರ್ ನೆಟ್ಟಗೆ ನಿಂತಿರಬೇಕು, ರಾತ್ರಿಯೆಲ್ಲ ನಿಂತಿದ್ದರೆ ಇನ್ನೂ ಒಳ್ಳೇದು. ಗೇರ್ ಬಾಕ್ಸ್‌ನ ಕೆಳಗೆ ಒಂದು ಸ್ಕ್ರೂ ಇರುತ್ತದೆ, ಮೇಲೆ ಇನ್ನೊಂದು. ಕೆಳಗಿನದನ್ನು ಮಾತ್ರ ಮೆಲ್ಲಗೆ ಸಡಿಲಿಸಿ, ಒಂದು ಬಿಳಿ ತಟ್ಟೆ ಹಿಡಿಯಿರಿ. ಆಯಿಲ್‌ಗಿಂತ ನೀರು ಭಾರ, ಒಳಗೆ ನೀರಿದ್ದರೆ ಮೊದಲು ಅದೇ ಇಳಿಯುತ್ತದೆ. ಮೊದಲ ನಾಲ್ಕು ಹನಿ ಬರೀ ನೀರಾದರೆ ಸೀಲ್ ಹೋಗಿದೆ. ಬರೀ ನೀರು ಬೀಳದೆ ಹಾಲು ಹಾಕಿದ ಚಹಾದ ಬಣ್ಣದ ಆಯಿಲ್ ಬಂದರೆ ಒಳಗೆ ನೀರಿರುವಾಗಲೇ ಓಡಿಸಿದ್ದಾರೆ, ನೀರು ಆಯಿಲ್ ಜೊತೆ ಸೇರಿ ಕಡೆದುಕೊಂಡಿದೆ. ಆಯಿಲ್ ಕಪ್ಪಗಿದ್ದರೆ ಬದಲಿಸಿಲ್ಲ ಅಷ್ಟೇ. ಹೊಚ್ಚ ಹೊಸ ಆಯಿಲ್ ಇದ್ದರೆ ಮಾರುವವರು ನಿನ್ನೆ ಹಾಕಿರಬಹುದು, ಆಗ ಓಡಿಸಿದ ಮೇಲೆ ಮತ್ತೊಮ್ಮೆ ಬಿಚ್ಚಿ ನೋಡಿ.

ಸ್ಕ್ರೂ ತುದಿಯನ್ನೂ ನೋಡಿ. ಬಹಳ ಮೋಟರ್‌ಗಳಲ್ಲಿ ಅದಕ್ಕೆ ಅಯಸ್ಕಾಂತ ಇರುತ್ತದೆ. ಬೂದಿಯಂಥ ನುಣ್ಣನೆಯ ಪೇಸ್ಟ್ ಅಂಟಿದ್ದರೆ ಸಹಜ ಸವೆತ. ಬೆರಳಲ್ಲಿ ಉಜ್ಜಿದಾಗ ಚುಚ್ಚುವ ಚೂರು ಸಿಕ್ಕರೆ ಗೇರ್ ಹಲ್ಲು ಉದುರುತ್ತಿದೆ.

ನಮ್ಮ ಕಡೆ ಸೀಲ್ ಹೋಗೋಕೆ ದೊಡ್ಡ ಕಾರಣ ಬಲೆಯ ನೈಲಾನ್ ನೂಲು. ಪ್ರೊಪೆಲರ್‌ಗೆ ಸಿಕ್ಕ ನೂಲು ಹಿಂದಕ್ಕೆ ಸರಿದು ಶಾಫ್ಟ್‌ಗೆ ಸುತ್ತಿಕೊಳ್ಳುತ್ತದೆ, ತಿರುಗುತ್ತಾ ತಿರುಗುತ್ತಾ ಸೀಲಿನ ರಬ್ಬರ್ ಕೊಯ್ಯುತ್ತದೆ. ಹೊರಗೆ ಏನೂ ಕಾಣದು. ಪ್ರೊಪೆಲರ್ ನಟ್ ಬಿಚ್ಚಿ ಎಳೆದು ನೋಡಿ, ಎರಡು ನಿಮಿಷದ ಕೆಲಸ. ಒಮ್ಮೆ ನಾನು ಬಿಚ್ಚಿದಾಗ ಒಂದು ಮುಷ್ಟಿ ನೂಲು ಕರಗಿ, ಅಂಟಿಕೊಂಡು, ಕರಿ ಬಳೆಯ ಹಾಗೆ ಕೂತಿತ್ತು.

ನಾನು ಹೋದ ತಕ್ಷಣ ಒಂದೇ ಎಳೆತಕ್ಕೆ ಸ್ಟಾರ್ಟ್ ಆಯ್ತು. ಸಾಕಲ್ವಾ?

ನೀವು ಬರುವ ಮುಂಚೆ ಓಡಿಸಿಟ್ಟಿದ್ದರೆ ಎಂಥ ಮೋಟರೂ ಒಂದೇ ಎಳೆತಕ್ಕೆ ಏಳುತ್ತದೆ. ಹೋದ ಕೂಡಲೇ ಮಾತಾಡುತ್ತಾ ಸಿಲಿಂಡರ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಚಹಾ ಕುಡಿದು ಬರ್ತೀನಿ ಅಂತ ಹೇಳಿ, ಪೂರ್ತಿ ಆರಿದ ಮೇಲೆ ಬನ್ನಿ. ತಣ್ಣಗಿರುವ ಮೋಟರನ್ನು ನೀವೇ ಎಳೆದು ಸ್ಟಾರ್ಟ್ ಮಾಡಬೇಕು, ಮಾರುವವರು ಅಲ್ಲ. ಅದರ ಚೋಕ್ ಎಷ್ಟು, ಆಕ್ಸಿಲರೇಟರ್ ಎಷ್ಟು ತಿರುವಿದರೆ ಏಳುತ್ತದೆ ಅಂತ ಅವರ ಕೈಗೆ ಅಭ್ಯಾಸ ಆಗಿರುತ್ತದೆ. ನಾಳೆ ಎಳೆಯಬೇಕಾದ್ದು ನಿಮ್ಮ ಕೈ. ನಾಲ್ಕೈದು ಎಳೆತ ಸರಿ, ಇಪ್ಪತ್ತು ಅಂದ್ರೆ ಸರಿಯಲ್ಲ.

ಇಲ್ಲಿ ನೀರಿಲ್ಲ, ಸುಮ್ನೆ ಎರಡು ನಿಮಿಷ ಒಣ ಓಡಿಸಿ ತೋರಿಸ್ತೀನಿ ಅಂದ್ರೆ?

ಬಿಡಬೇಡಿ. ನೀರಿನ ಪಂಪ್ ಒಳಗೆ ರಬ್ಬರಿನ ಸಣ್ಣ ಚಕ್ರ ಇರುತ್ತದೆ, ಇಂಪೆಲ್ಲರ್ ಅಂತ. ಅದಕ್ಕೆ ನೀರೇ ಗ್ರೀಸ್. ಒಣ ಓಡಿಸಿದರೆ ನಿಮಿಷದೊಳಗೇ ಅದರ ರೆಕ್ಕೆ ಸುಟ್ಟು ಹರಿಯಬಹುದು, ಆ ಚೂರುಗಳು ಮೇಲಿನ ದಾರಿಗೆ ಹೋಗಿ ಕಟ್ಟಿಕೊಳ್ಳುತ್ತವೆ. 200 ಲೀಟರ್ ನೀಲಿ ಡ್ರಮ್ ಎಲ್ಲ ಊರಲ್ಲೂ ಸಿಗುತ್ತದೆ ಅಲ್ವಾ? ಮೇಲ್ಭಾಗ ಕತ್ತರಿಸಿದ್ದು ಒಂದು ತಂದು, ಮೋಟರನ್ನು ಗಟ್ಟಿ ಹಲಗೆಗೆ ಕಟ್ಟಿ, ನೀರು ತೆಗೆದುಕೊಳ್ಳುವ ಜಾಲರಿ ಮುಳುಗುವಷ್ಟು ತುಂಬಿಸಿ. ಡ್ರಮ್‌ನಲ್ಲಿ ಗೇರ್ ಹಾಕಿ ರೇಸ್ ಮಾಡಬೇಡಿ, ನೀರೆಲ್ಲ ಹೊರಗೆ ಚೆಲ್ಲುತ್ತದೆ. ನನ್ನ ಕೇಳಿದರೆ ಡ್ರಮ್ ಪರೀಕ್ಷೆ ಅರ್ಧ, ಹೊಳೆಯಲ್ಲಿ ಓಡಿಸಿದರೇ ಪೂರ್ತಿ.

ಹಿಂದೆ ಸಣ್ಣ ತೂತಿನಿಂದ ನೀರು ಚಿಮ್ಮುತ್ತಲ್ಲ, ಅದು ಹೇಗಿರಬೇಕು?

ಸ್ಟಾರ್ಟ್ ಆದ ಅರ್ಧ ನಿಮಿಷದೊಳಗೆ ಬರಬೇಕು, ಪೆನ್ಸಿಲ್ ದಪ್ಪದ ಧಾರೆ ಒಂದೇ ಸಮ ಇರಬೇಕು, ರೇಸ್ ಮಾಡಿದಾಗ ಜೋರಾಗಬೇಕು. ಹತ್ತು ನಿಮಿಷ ಓಡಿದ ಮೇಲೆ ಕೈಯೊಡ್ಡಿ ನೋಡಿ, ಬೆಚ್ಚಗಿರಬೇಕು, ಸುಡಬಾರದು. ಧಾರೆ ಸೋತಿದ್ದರೆ ಮೊದಲು ತಂತಿ ಹಾಕಿ ತೂತು ಬಿಡಿಸಿ. ಎಷ್ಟೋ ಸಲ ಕಣಜದ ಗೂಡು, ಮಣ್ಣು ಸಿಕ್ಕಿರುತ್ತದೆ. ಆಮೇಲೂ ಸೋತಿದ್ದರೆ ಇಂಪೆಲ್ಲರ್ ಹೋಗಿದೆ, ಅದು ಅಗ್ಗದ ಕೆಲಸ. ಆದರೆ ಧಾರೆ ಚೆನ್ನಾಗಿದ್ದೂ ಎಂಜಿನ್ ವಿಪರೀತ ಬಿಸಿಯಾಗುತ್ತಿದ್ದರೆ ಒಳಗಿನ ನೀರಿನ ದಾರಿ ಕಟ್ಟಿದೆ, ಆ ಮೋಟರ್ ಬಿಡಿ.

ಹೊಗೆ ಜಾಸ್ತಿ ಬರ್ತಿದೆ. ಕೆಟ್ಟಿದೆಯಾ?

ಟೂ ಸ್ಟ್ರೋಕ್ ತಣ್ಣಗಿದ್ದಾಗ ನೀಲಿ ಹೊಗೆ ಸಹಜ, ಬಿಸಿಯಾದ ಮೇಲೆ ಕಡಿಮೆ ಆಗಬೇಕು. ಫೋರ್ ಸ್ಟ್ರೋಕ್‌ನಲ್ಲಿ ನೀಲಿ ಹೊಗೆ ನಿಲ್ಲದೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹಬೆ ಬಂದರೆ ಹೆಡ್ ಗ್ಯಾಸ್ಕೆಟ್ ಅನುಮಾನಿಸಿ, ಪ್ಲಗ್ ಬಿಚ್ಚಿ ನೋಡಿ. ಒಂದು ಪ್ಲಗ್ ಮಾತ್ರ ತೊಳೆದಿಟ್ಟಂತೆ ಸ್ವಚ್ಛವಾಗಿದ್ದರೆ ಆ ಸಿಲಿಂಡರ್‌ಗೆ ನೀರು ಹೋಗುತ್ತಿದೆ.

## ಇನ್ನೂ ಒಳಗೆ ಹೋದರೆ

ಕಂಪ್ರೆಷನ್ ಎಷ್ಟು ಬರಬೇಕು?

ಕಂಪ್ರೆಷನ್ ಅಂದ್ರೆ ಸಿಲಿಂಡರ್ ಒಳಗೆ ಏಳುವ ಒತ್ತಡ. ಅದನ್ನು ಅಳೆಯುವ ಗೇಜ್ ಬೈಕ್ ಗ್ಯಾರೇಜಿನಲ್ಲೂ ಸಿಗುತ್ತದೆ, ಒಂದು ದಿನಕ್ಕೆ ಕೇಳಿ ತೆಗೆದುಕೊಂಡು ಹೋಗಿ. ಎಂಜಿನ್ ಸ್ವಲ್ಪ ಬಿಸಿ ಮಾಡಿ ನಿಲ್ಲಿಸಿ, ಎಲ್ಲ ಪ್ಲಗ್ ಬಿಚ್ಚಿ, ಕಿಲ್ ಸ್ವಿಚ್ ಹಗ್ಗ ತೆಗೆದು, ಪ್ಲಗ್ ವೈರ್‌ಗಳನ್ನು ಎಂಜಿನ್ ಲೋಹಕ್ಕೆ ತಾಗಿಸಿ ಅರ್ಥ್ ಮಾಡಿ. ಆಕ್ಸಿಲರೇಟರ್ ಪೂರ್ತಿ ತೆರೆದು ಮುಳ್ಳು ನಿಲ್ಲುವ ತನಕ ನಾಲ್ಕೈದು ಸಲ ಎಳೆಯಿರಿ. ಟೂ ಸ್ಟ್ರೋಕ್‌ನಲ್ಲಿ ಸಾಮಾನ್ಯವಾಗಿ 100ರ ಮೇಲೆ ಪಿಎಸ್‌ಐ ಬಂದರೆ ಒಳ್ಳೇದು, 90ಕ್ಕಿಂತ ಕೆಳಗೆ ಬಂದರೆ ಅನುಮಾನ. ಆದರೆ ಸಂಖ್ಯೆಗಿಂತ ಹೊಂದಾಣಿಕೆ ಮುಖ್ಯ. ಎರಡು ಸಿಲಿಂಡರ್ ಇದ್ದರೆ ಎರಡರ ನಡುವೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. 115, 110 ಸರಿ. 120, 85 ಅಂದ್ರೆ ಒಂದು ಸಿಲಿಂಡರ್ ಗೀರಿದೆ.

ಫೋರ್ ಸ್ಟ್ರೋಕ್ ಆದರೆ ಒಂದು ವಿಷಯ ಗೊತ್ತಿರಲಿ. ಎಳೆಯೋಕೆ ಸುಲಭ ಆಗಲಿ ಅಂತ ಬಹಳ ಸಣ್ಣ ಮೋಟರ್‌ಗಳಲ್ಲಿ ತಾನಾಗಿ ಒತ್ತಡ ಇಳಿಸುವ ವ್ಯವಸ್ಥೆ ಇರುತ್ತದೆ, ಅವು ಕಡಿಮೆಯೇ ತೋರಿಸುತ್ತವೆ. ಅದನ್ನು ನೋಡಿ ಒಳ್ಳೇ ಮೋಟರ್ ಬಿಟ್ಟು ಬಂದವರಿದ್ದಾರೆ.

ಗೇರ್ ಬೀಳುತ್ತೆ, ಆದ್ರೆ ರೇಸ್ ಮಾಡಿದ್ರೆ ಕಟಕಟ ಅಂತ ಎಗರುತ್ತೆ. ಅಡ್ಜಸ್ಟ್ ಮಾಡಿದ್ರೆ ಸರಿ ಹೋಗುತ್ತಾ?

ಲಿಂಕ್ ಸಡಿಲ ಆಗಿದ್ದರೆ ಸರಿ ಹೋಗುತ್ತದೆ. ಬಹಳ ಸಲ ಒಳಗಿನ ಕ್ಲಚ್‌ನ ಹಲ್ಲಿನ ಮೂಲೆ ದುಂಡಗಾಗಿರುತ್ತದೆ, ಮೆಲ್ಲಗೆ ಗೇರ್ ಹಾಕುವವರ ಕೈಯಲ್ಲಿ ಹಾಗಾಗುತ್ತದೆ. ಕೇಳೋಕೆ ವಿಚಿತ್ರ ಅನಿಸಬಹುದು, ಆದರೆ ಔಟ್‌ಬೋರ್ಡ್ ಗೇರ್ ಐಡಲ್‌ನಲ್ಲಿ ಟಕ್ ಅಂತ ಒಂದೇ ಸಲ ಹಾಕಬೇಕು, ನಯವಾಗಿ ಜಾರಿಸಬಾರದು. ಇದು ಡ್ರಮ್‌ನಲ್ಲಿ ಗೊತ್ತಾಗಲ್ಲ. ದೋಣಿಗೆ ಕಟ್ಟಿ, ದೋಣಿಯನ್ನು ದಡದ ಗಟ್ಟಿ ಮರಕ್ಕೆ ಹಗ್ಗ ಹಾಕಿ, ಮುಂದಿನ ಗೇರ್‌ನಲ್ಲಿ ನಿಧಾನವಾಗಿ ಆಕ್ಸಿಲರೇಟರ್ ಏರಿಸಿ. ಭಾರ ಬಿದ್ದಾಗ ಎಗರಿದರೆ ಗೇರ್ ಬಾಕ್ಸ್ ಬಿಚ್ಚುವ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.

ಎಂಜಿನ್ ಜೋರಾಗಿ ಕೂಗುತ್ತೆ, ದೋಣಿ ಹೋಗಲ್ಲ. ಮೋಟರ್‌ಗೆ ಶಕ್ತಿ ಇಲ್ವಾ?

ಶಕ್ತಿ ಇದೆ, ಪ್ರೊಪೆಲರ್‌ಗೆ ತಲುಪುತ್ತಿಲ್ಲ. ಪ್ರೊಪೆಲರ್‌ನ ನಡುವೆ ರಬ್ಬರ್ ಬುಷ್ ಇರುತ್ತದೆ, ಕಲ್ಲಿಗೆ ಬಡಿದಾಗ ಗೇರ್ ಉಳಿಯಲಿ ಅಂತ ಅದು ಜಾರುತ್ತದೆ. ಒಮ್ಮೆ ಜಾರಿ ಸಡಿಲ ಆದರೆ ಆಮೇಲೆ ಭಾರ ಬಿದ್ದಾಗಲೆಲ್ಲ ಜಾರುತ್ತದೆ. ಮಾರ್ಕರ್ ಪೆನ್ನಿನಲ್ಲಿ ಒಳಗಿನ ಲೋಹದಿಂದ ಹೊರಗಿನ ತನಕ ರಬ್ಬರ್ ದಾಟಿ ಒಂದು ಗೆರೆ ಎಳೆಯಿರಿ. ಓಡಿಸಿ ಬಂದು ನೋಡಿ. ಗೆರೆ ಎರಡು ತುಂಡಾಗಿ ಬೇರೆ ಬೇರೆ ಕಡೆ ಹೋಗಿದ್ದರೆ ಬುಷ್ ಹೋಗಿದೆ. ಸಣ್ಣ ಮೋಟರ್ ಕೆಲವದರಲ್ಲಿ ಬುಷ್ ಬದಲು ಶಿಯರ್ ಪಿನ್ ಇರುತ್ತದೆ, ಅದು ತುಂಡಾದರೂ ಇದೇ ಲಕ್ಷಣ. ಅಂಥ ಮೋಟರ್ ತಗೊಂಡರೆ ನಾಲ್ಕು ಪಿನ್ ಸದಾ ದೋಣಿಯಲ್ಲಿರಲಿ. ಮೊಳೆ ಕತ್ತರಿಸಿ ಹಾಕಬೇಡಿ, ಅದು ತುಂಡಾಗದೆ ಗೇರನ್ನೇ ಮುರಿಯುತ್ತದೆ.

ಪ್ರವಾಹದಲ್ಲಿ ಮುಳುಗಿದ್ದ ಮೋಟರ್ ಅಂತ ಗುರುತು ಹಿಡಿಯೋದು ಹೇಗೆ?

ಕೃಷ್ಣೆಯ ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟು ಶೀಲಹಳ್ಳಿ ಸೇತುವೆ ಮುಳುಗುವ ವರ್ಷಗಳಲ್ಲಿ ದೋಣಿಗಳೂ ಮಗುಚುತ್ತವೆ, ಮೋಟರ್‌ಗಳೂ ಮುಳುಗುತ್ತವೆ. ಮುಳುಗಿದ್ದನ್ನು ಅದೇ ದಿನ ತೆಗೆದು, ಸಿಹಿನೀರಲ್ಲಿ ತೊಳೆದು, ನೀರು ಹೊರಗೆ ತಿರುವಿ, ಆಯಿಲ್ ಹಾಕಿ ಓಡಿಸಿದರೆ ಉಳಿಯುತ್ತದೆ. ವಾರ ಬಿಟ್ಟು ತೆಗೆದರೆ ಬೇರಿಂಗ್ ತುಕ್ಕು ಹಿಡಿದಿರುತ್ತದೆ.

ಹೊರಗೆ ಎಷ್ಟು ತೊಳೆದರೂ ಮಣ್ಣು ಕೆಲವು ಕಡೆ ಉಳಿಯುತ್ತದೆ. ಫ್ಲೈವೀಲ್ (ಎಂಜಿನ್ ಮೇಲಿನ ದೊಡ್ಡ ಚಕ್ರ) ಅಡಿ ಟಾರ್ಚ್ ಬಿಡಿ. ವೈರ್‌ಗಳನ್ನು ಕಟ್ಟಿರುವ ಕೊಳವೆಯ ಒಳಗೆ, ಮುಚ್ಚಳದ ಒಳಬದಿಯ ರಬ್ಬರ್ ಅಂಚಿನಲ್ಲಿ, ಸ್ಟಾರ್ಟರ್ ಹಗ್ಗದ ಸುರುಳಿಯಲ್ಲಿ ನೋಡಿ. ಎರೆಮಣ್ಣಿನ ಒಣಗಿದ ಸಣ್ಣ ಗೆರೆ ಸಿಕ್ಕರೂ ಮುಳುಗಿದ್ದು ಖಾತ್ರಿ. ಹಗ್ಗ ಮೆಲ್ಲಗೆ ಎಳೆಯುವಾಗ ಕರಕರ ಸದ್ದು ಬಂದರೆ ಬೇರಿಂಗ್.

ಮೂರು ವರ್ಷ ಓಡಿಸೇ ಇಲ್ಲ, ಹೊಸದಿದ್ದಂಗೇ ಇದೆ. ಒಳ್ಳೇದಲ್ವಾ?

ಓಡದೆ ಕೂತ ಮೋಟರ್ ಓಡಿದ್ದಕ್ಕಿಂತ ಬೇಗ ಕೆಡುತ್ತದೆ. ಒಂದು, ಇಂಪೆಲ್ಲರ್ ರೆಕ್ಕೆ ಒಂದೇ ಕಡೆ ಬಾಗಿ ಗಟ್ಟಿಯಾಗಿರುತ್ತದೆ. ಎರಡು, ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇದೆ. ಎಥನಾಲ್ ಗಾಳಿಯಿಂದ ತೇವ ಹೀರುತ್ತದೆ. ನೀರು ಜಾಸ್ತಿ ಆದಾಗ ಎಥನಾಲ್ ಮತ್ತು ನೀರು ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಆ ತಳದ ನೀರು ಕಾರ್ಬುರೇಟರ್‌ನ ಅಲ್ಯೂಮಿನಿಯಂ ತಿನ್ನುತ್ತದೆ, ಹಳೇ ರಬ್ಬರ್ ಪೈಪ್ ಮೆತ್ತಗಾಗಿ ಒಳಗೆ ಉದುರುತ್ತದೆ.

ಕಾರ್ಬುರೇಟರ್ ಕೆಳಗಿನ ಸ್ಕ್ರೂ ಬಿಚ್ಚಿ ಗಾಜಿನ ಲೋಟಕ್ಕೆ ಹಿಡಿಯಿರಿ. ಹಸಿರು ಅಂಟು ಅಥವಾ ತಳದಲ್ಲಿ ನೀರಿನ ಗುಳ್ಳೆ ಕಂಡರೆ ಕಾರ್ಬುರೇಟರ್ ಪೂರ್ತಿ ಬಿಚ್ಚಿ ತೊಳೆಯಬೇಕು. ಪೆಟ್ರೋಲ್ ಪೈಪಿನ ನಡುವಿನ ರಬ್ಬರ್ ಉಂಡೆ ಒತ್ತಿ, ನಾಲ್ಕೈದು ಸಲಕ್ಕೆ ಗಟ್ಟಿಯಾಗಬೇಕು. ಮೆತ್ತಗೇ ಉಳಿದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಸರ್ಕಾರಿ ಹರಾಜಿನಲ್ಲಿ ಬರುವ ರಕ್ಷಣಾ ದೋಣಿಗಳ ಮೋಟರ್‌ಗೂ ಇದೇ ಮಾತು. ಅವು ಓಡಿರುವುದು ಕಡಿಮೆ, ಗೋಡೌನಿನಲ್ಲಿ ಕೂತಿರುವುದು ಜಾಸ್ತಿ. ಈ ಖರ್ಚು ಸೇರಿಸಿಕೊಂಡು ಕೂಗಿದರೆ ಲಾಭವೇ.

ಸೀಮೆಎಣ್ಣೆ ಮೋಟರ್ ಅಂತ ಒಂದು ಬಂದಿದೆ. ಪೆಟ್ರೋಲ್‌ಗೆ ಓಡುತ್ತಾ?

ಓಡುತ್ತದೆ. ಕೇರಳ, ಕರಾವಳಿಯ ನಾಡದೋಣಿಯವರು ಬಳಸುವ ಜಾತಿ ಅದು. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲ್‌ಗೆ ತರುತ್ತಾರೆ. ಸೀಮೆಎಣ್ಣೆಗೆ ಅಂತ ಅದರ ಕಂಪ್ರೆಷನ್ ಕಡಿಮೆ ಇಟ್ಟಿರುತ್ತಾರೆ, ಹಾಗಾಗಿ ಮೇಲೆ ಹೇಳಿದ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ನಮ್ಮ ಕಡೆ ಸೀಮೆಎಣ್ಣೆ ಸಿಗೋದೇ ಕಷ್ಟ. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಕುಡಿಯೋದು ಜಾಸ್ತಿ. ಸಮುದ್ರದ ಮೋಟರ್ ಕೂಡ ಹೌದು. ನಾನಾದರೆ ತಗೊಳ್ಳಲ್ಲ.

## ಕಾಗದ, ದುಡ್ಡು, ಮೊದಲ ದಿನ

ಬಿಲ್ ಇಲ್ಲ ಅಂತಾನೆ. ತೊಂದರೆ ಆಗುತ್ತಾ?

ದೋಣಿಗೆ ಕಟ್ಟುವ ಬ್ರಾಕೆಟ್ ಮೇಲೆ ಮಾಡೆಲ್ ಮತ್ತು ಸೀರಿಯಲ್ ನಂಬರಿನ ತಗಡು ಅಥವಾ ಸ್ಟಿಕರ್ ಇರುತ್ತದೆ. ಕೆಲವು ಕಂಪನಿಯವರು ಎಂಜಿನ್ ಬ್ಲಾಕ್ ಮೇಲೂ ಹೊಡೆದಿರುತ್ತಾರೆ. ತಗಡು ಕಿತ್ತಿದ್ದರೆ, ನಂಬರ್ ಉಜ್ಜಿದ್ದರೆ ಕಾಲಿಡಬೇಡಿ. ಸಣ್ಣ ಔಟ್‌ಬೋರ್ಡ್‌ಗೆ ಎರಡು ಕ್ಲಾಂಪ್ ಅಷ್ಟೇ, ರಾತ್ರಿ ಬಿಚ್ಚಿಕೊಂಡು ಹೋಗೋಕೆ ಐದು ನಿಮಿಷ ಸಾಕು. ಅದು ಯಾರೋ ಮೀನುಗಾರನ ಹೊಟ್ಟೆಪಾಡು ಆಗಿರಬಹುದು. ಬಿಲ್ ಕಳೆದಿದ್ದರೆ ನಂಬರ್ ಬರೆದು, ಮಾರುವವರ ಗುರುತಿನ ಚೀಟಿಯ ಪ್ರತಿ ಇಟ್ಟು, ಮಾರಾಟದ ಪತ್ರ ಮಾಡಿಸಿಕೊಳ್ಳಿ. ಮಾಡೆಲ್ ನಂಬರ್ ಇನ್ನೊಂದಕ್ಕೂ ಬೇಕು. ಹೊರದೇಶದಿಂದ ಬಂದ ಕೆಲವು ಮಾಡೆಲ್‌ಗಳ ಬಿಡಿಭಾಗ ಇಲ್ಲಿ ಸಿಗುವುದಿಲ್ಲ. ದುಡ್ಡು ಕೊಡುವ ಮುಂಚೆ ಆ ನಂಬರ್ ಹೇಳಿ ಇಂಪೆಲ್ಲರ್, ಗೇರ್ ಸೀಲ್ ಸಿಗುತ್ತಾ ಅಂತ ಡೀಲರ್‌ಗೆ ಫೋನ್ ಮಾಡಿ ಕೇಳಿ.

ಹೊಳೆಯಲ್ಲಿ ಓಡಿಸೋಕೂ ರಿಜಿಸ್ಟ್ರೇಷನ್ ಬೇಕಾ?

ಬೇಕು. 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ಯಂತ್ರದಿಂದ ಓಡುವ ದೋಣಿಗೆ ನೋಂದಣಿ ಇದೆ. ನಮ್ಮ ರಾಜ್ಯದಲ್ಲಿ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ ಇದನ್ನು ನೋಡುತ್ತದೆ. ಕೃಷ್ಣೆಯ ನಡುಗಡ್ಡೆ ಕುರುವಪುರಕ್ಕೆ ಭಕ್ತರನ್ನು ದಾಟಿಸುವ ಥರ ಜನ ಸಾಗಿಸುವ ಆಲೋಚನೆ ಇದ್ದರೆ ಮೋಟರ್ ಕೊಳ್ಳುವ ಮುಂಚೆಯೇ ಇಲಾಖೆಗೆ ಹೋಗಿ ವಿಚಾರಿಸಿ. ದೋಣಿಯ ತಪಾಸಣೆ, ವಿಮೆ, ಎಲ್ಲರಿಗೂ ಲೈಫ್ ಜಾಕೆಟ್, ಇವು ಯಾವುದನ್ನೂ ಆಮೇಲೆ ನೋಡೋಣ ಅನ್ನುವಂತಿಲ್ಲ.

ಬೆಲೆ ಎಷ್ಟು ಅಂತ ಲೆಕ್ಕ ಹಾಕೋದು?

ಅದೇ ಎಚ್‌ಪಿಯ ಹೊಸ ಮೋಟರ್ ಬೆಲೆ ಕೇಳಿಕೊಳ್ಳಿ. ಎಷ್ಟೇ ಚೆನ್ನಾಗಿದ್ದರೂ ಐದಾರು ವರ್ಷದ ಮೋಟರ್‌ಗೆ ನಾನು ಅದರ ಅರ್ಧದ ಮೇಲೆ ಹೋಗುವುದಿಲ್ಲ. ಅದರಲ್ಲಿ ತಕ್ಷಣ ಮಾಡಿಸಬೇಕಾದ ಕೆಲಸದ ಖರ್ಚು ಕಳೆಯಿರಿ. ಟ್ಯಾಂಕ್, ಪೈಪ್, ಕಿಲ್ ಸ್ವಿಚ್ ಹಗ್ಗ ಜೊತೆಗೆ ಕೊಡ್ತಾರಾ ಕೇಳಿ, ಇವನ್ನೆಲ್ಲ ಬೇರೆ ಕೊಂಡರೆ ದುಬಾರಿ.

ತಂದಾಯ್ತು. ಮೊದಲು ಏನ್ ಮಾಡ್ಲಿ?

ಮಾರಿದವರು ಏನೇ ಹೇಳಿರಲಿ, ಇಂಪೆಲ್ಲರ್, ಗೇರ್ ಆಯಿಲ್, ಸ್ಪಾರ್ಕ್ ಪ್ಲಗ್ ಹೊಸದು ಹಾಕಿ. ಗೇರ್ ಆಯಿಲ್ ತುಂಬುವಾಗ ಕೆಳಗಿನ ತೂತಿನಿಂದ ಒತ್ತಿ ಮೇಲಿನ ತೂತಿನಿಂದ ಬರುವ ತನಕ ತುಂಬಬೇಕು, ಮೇಲಿನಿಂದ ಸುರಿದರೆ ಗಾಳಿ ಉಳಿಯುತ್ತದೆ. ಟೂ ಸ್ಟ್ರೋಕ್ ಆದರೆ ಟಿಸಿ-ಡಬ್ಲ್ಯೂ3 ಅಂತ ಬರೆದ ಔಟ್‌ಬೋರ್ಡ್ ಆಯಿಲ್ಲೇ ಹಾಕಿ, ಬೈಕಿನ 2ಟಿ ಆಯಿಲ್ ಬೇಡ. ಅದು ಗಾಳಿಯಿಂದ ತಣ್ಣಗಾಗುವ ಎಂಜಿನ್‌ಗೆ ಮಾಡಿದ್ದು. ಬಹಳ ಮೋಟರ್‌ಗಳಿಗೆ 50ಕ್ಕೆ 1ರ ಲೆಕ್ಕ, ಅಂದರೆ ಲೀಟರ್ ಪೆಟ್ರೋಲ್‌ಗೆ 20 ಮಿಲಿ. ತೀರಾ ಹಳೆಯವಕ್ಕೆ 25ಕ್ಕೆ 1 ಇರುತ್ತದೆ, ಮಾಡೆಲ್ ನೋಡಿ ಖಾತ್ರಿ ಮಾಡಿಕೊಳ್ಳಿ.

ದೋಣಿಯಲ್ಲಿ ಎರಡು ಹುಟ್ಟು, ಒಂದು ಪ್ಲಗ್ ಸ್ಪ್ಯಾನರ್, ಬದಲಿ ಪ್ಲಗ್ ಇಟ್ಟುಕೊಳ್ಳಿ. ಲೈಫ್ ಜಾಕೆಟ್ ಹಾಕಿಕೊಂಡು, ಕಿಲ್ ಸ್ವಿಚ್ ಹಗ್ಗ ಮಣಿಕಟ್ಟಿಗೆ ಕಟ್ಟಿಕೊಂಡೇ ಸ್ಟಾರ್ಟ್ ಮಾಡಿ. ಮೊದಲ ದಿನ ಹೊಳೆಯಲ್ಲಾದರೆ ಹರಿವಿಗೆ ಎದುರಾಗಿ ಮೇಲಕ್ಕೆ ಹೋಗಿ, ಹಿನ್ನೀರಿನಲ್ಲಾದರೆ ಗಾಳಿಗೆ ಎದುರಾಗಿ ಹೋಗಿ. ಮೋಟರ್ ನಿಂತುಬಿಟ್ಟರೂ ನೀರೋ ಗಾಳಿಯೋ ನಿಮ್ಮನ್ನು ಹೊರಟ ದಡದ ಕಡೆಗೇ ತಂದು ಬಿಡುತ್ತದೆ. ಅರ್ಧ ಗಂಟೆ ಓಡಿಸಿ ಬಂದು ಗೇರ್ ಬಾಕ್ಸ್‌ನ ಕೆಳಗಿನ ಸ್ಕ್ರೂ ಇನ್ನೊಂದು ಸಲ ಸಡಿಲಿಸಿ, ಮೊದಲ ಹನಿ ನೋಡಿ.